ಸೀಸಿ-ಸೀಡಿಕ್ಟ್ ನಿಘಂಟು: ‘ಯೆನ್ ಬು ಯೋ ಝೊಂಗ್’ ಹುಡುಕಿದರೆ ಸಿಗುವುದೆಷ್ಟು?

1997ರಲ್ಲಿ ಶುರುವಾದ ಸೀಡಿಕ್ಟ್‌ನ ಮುಂದುವರಿಕೆಯಾದ ಈ ಚೀನೀ-ಇಂಗ್ಲಿಷ್ ನಿಘಂಟು ಪೂರ್ತಿ ಉಚಿತ. ಪ್ರತಿ ನಮೂದೂ ಒಂದೇ ಸಾಲು: ಹಳೇ ಲಿಪಿ, ಸರಳ ಲಿಪಿ, ಸ್ವರದ (ದನಿಯ ಏರಿಳಿತದ) ಅಂಕಿಯೊಂದಿಗೆ ಉಚ್ಚಾರಣೆ, ಅರ್ಥ. ಮನಸ್ಸಿಲ್ಲದೆ ಆಡುವ ಮಾತಿಗಿರುವ ‘ಯೆನ್ ಬು ಯೋ ಝೊಂಗ್’ ನುಡಿಗಟ್ಟಿನ ಸ್ವರಗಳು 2-4-2-1. ‘ಬು’ವಿನ ಸ್ವರ ಕೆಲವೊಮ್ಮೆ ಬದಲಾಗುತ್ತದೆ; ಇಲ್ಲಿ ಮುಂದೆ ಎರಡನೇ ಸ್ವರ ಬರುವುದರಿಂದ ಅದು ನಾಲ್ಕನೆಯದಾಗಿಯೇ ಉಳಿಯುತ್ತದೆ. ಅಂಕಿ ನೋಡಿದಂತೆಯೇ ಓದಿ.

ಎಡವುವುದು ಕೊನೆಯ ಅಕ್ಷರದಲ್ಲಿ. ‘ಬಟ್ಟೆ’ ಅಕ್ಷರವನ್ನು ಸೀಳಿ ನಡುವೆ ‘ಮಧ್ಯ’ ಅಕ್ಷರ ಕೂರಿಸಿದರೆ ಈ ‘ಝೊಂಗ್’. ಮೂಲಾರ್ಥ ಒಳ ಉಡುಪು, ಅಲ್ಲಿಂದ ಒಳಮನಸ್ಸು. ನಡುವೆ ‘ಬಾಯಿ’ ಬರೆದರೆ ‘ದುಃಖ’ ಆಗಿಬಿಡುತ್ತದೆ. ಕೈಬರಹದಲ್ಲಿ ಹುಡುಕುವಾಗ ನಡುಗೆರೆಯನ್ನು ಚೌಕದ ಕೆಳಗೂ ಇಳಿಸಿ.

ದೊಡ್ಡ ಕೊರತೆ, ಉದಾಹರಣೆ ವಾಕ್ಯವಿಲ್ಲ. ‘ಕೊ ಶಿ ಶಿನ್ ಫೇ’ ಎಂಬ ಇನ್ನೊಂದು ನುಡಿಗಟ್ಟನ್ನೂ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಅನ್ನಿಸುತ್ತದೆ. ಅಲ್ಲ. ಮೊದಲನೆಯದು ದಾಕ್ಷಿಣ್ಯಕ್ಕೋ ಒತ್ತಾಯಕ್ಕೋ ಆಡುವ ಬಾಯುಪಚಾರ. ಎರಡನೆಯದು ಬಾಯಲ್ಲಿ ಹೌದು, ಎದೆಯಲ್ಲಿ ಅಲ್ಲ. ಅದು ಮನುಷ್ಯನ ಗುಣದ ಮೇಲಿನ ಆರೋಪವೂ ಆಗಬಲ್ಲದು, ನಮ್ಮ ‘ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ’ಕ್ಕೆ ಹತ್ತಿರ. ಆತಿಥೇಯರ ಹೊಗಳಿಕೆಗೆ ಎರಡನೆಯದನ್ನು ಬಳಸಿದರೆ ಜಗಳವೇ!

‘ಯೆನ್ ಬು ಯೋ ಝೊಂಗ್’ನ ಮೂಲವೂ ನಿಘಂಟಿನಲ್ಲಿಲ್ಲ. ಕ್ರಿ.ಪೂ. 720ರಲ್ಲಿ ಝೋ ದೊರೆಯೂ ಝೆಂಗ್ ರಾಜ್ಯವೂ ಒತ್ತೆಯಾಳುಗಳನ್ನು ಅದಲುಬದಲು ಮಾಡಿಕೊಂಡದ್ದಕ್ಕೆ ‘ಝುವೊ ಝುವಾನ್’ ಎಂಬ ಪ್ರಾಚೀನ ಚೀನೀ ಇತಿಹಾಸ ಗ್ರಂಥ ಬರೆದ ಟೀಕೆಯೇ ಇದರ ಬೇರು: ನಂಬಿಕೆ ಒಳಗಿನಿಂದ ಬರದಿದ್ದರೆ ಒತ್ತೆಯಾಳಿಂದ ಪ್ರಯೋಜನವಿಲ್ಲ. ಅಕ್ಷರ, ಸ್ವರಕ್ಕೆ ಈ ನಿಘಂಟನ್ನು ಕಣ್ಣುಮುಚ್ಚಿ ನಂಬಬಹುದು. ಬಳಕೆಗೆ ಮಾತ್ರ ಉದಾಹರಣೆಗಳಿರುವ ನುಡಿಗಟ್ಟು ಕೋಶ ಜೊತೆಗಿರಲಿ.