ಬಾಡಿಗಿ ಮನಿ ಖರ್ಚಿನ ಲೆಕ್ಕ ಮಾಡಿಕೊಡೋ ಟಿಳಕವಾಡಿಯ ಟ್ಯಾಕ್ಸ್ ಕನ್ಸಲ್ಟಂಟ್: ನನ್ನ ರಿವ್ಯೂ

ಬೆಳಗಾವ್ಯಾಗ ಮನಿ ಬಾಡಿಗಿಗೆ ಕೊಟ್ಟಾವ್ರು ಬಾಳ ಮಂದಿ ತಿಂಗಳ ಬಾಡಿಗಿ 12 ರಿಂದ ಗುಣಿಸಿ ಅದೇ ಇನ್ಕಮ್ ಅಂತ ತಿಳ್ಕೊಂಡಿರ್ತಾರ, ಆದ್ರ ನಾವು ಹೋಗೋ ಟಿಳಕವಾಡಿ ಕನ್ಸಲ್ಟಂಟ್ ಸರ್ ಹಂಗ ಬಿಡೂದಿಲ್ರಿ, ಇನ್ಕಮ್ ಟ್ಯಾಕ್ಸ್ ರಿಟರ್ನ್ ತುಂಬೂದರ ಜೋಡಿ, ನಮ್ಮ ಕೈಗೆ ಖರೇ ಎಷ್ಟ ಉಳೀತದ ಅಂತ ತಿಳೀಲಿಕ್ಕ ವರ್ಷದ ಖರ್ಚಿನ ಶೀಟ್ ಸೈತ ಮಾಡಿ ಕೊಡ್ತಾರ.

ಬಾಡಿಗಿ 12,000 ಅಂದ್ರ ವರ್ಷಕ್ಕ 1,44,000. ಒಂದ್ ತಿಂಗಳು ಮನಿ ಖಾಲಿ ಅಂತ ಮೊದ್ಲೇ ಹಿಡದು 1,32,000 ಬರೀತಾರ. ಟೆರೇಸ್ ವಾಟರ್‌ಪ್ರೂಫಿಂಗ್‌ಗೆ 40,000 ಕೊಟೇಶನ್ ಇತ್ತು, ಐದ್ ವರ್ಷಕ್ಕ ಹಂಚಿ ವರ್ಷಕ್ಕ 8,000 ಅಂತ ಹಾಕಿದ್ರು, ಮತ್ತ ನಮ್ಮೂರ ಮಳಿ ಗೊತ್ತೇ ಅದಲ್ಲ, ಜೂನ್‌ದಾಗ ಹಿಡದ್ರ ಗ್ವಾಡಿ ಎಲ್ಲಾ ಹಸಿ, ಇದನ್ನ ಬಿಟ್ಟು ಲೆಕ್ಕ ಮಾಡಿದ್ರ ಅದು ಲೆಕ್ಕಾನೇ ಅಲ್ಲ. ಬಣ್ಣ, ಮೋಟರ್ ರಿವೈಂಡಿಂಗ್ ಬ್ಯಾರೆ ಸಾಲು. ಹೆಸ್ಕಾಂ ಕರೆಂಟ್ ಮೀಟರ್ ಮಾಲಕರ ಹೆಸರಿಗೇ ಇರ್ತದ, ಬಾಡಿಗಿಯವ್ರು ಬಿಲ್ ಬಾಕಿ ಇಟ್ಟು ಹೋದ್ರ ನಮ್ಮ ತಲಿಮ್ಯಾಲೇ, ಅದಕ್ಕ ಡಿಪಾಸಿಟ್ ಮುಟ್ಟಬ್ಯಾಡ್ರಿ ಅಂದ್ರು.

ಮನಿ ಕರ ಏಪ್ರಿಲ್‌ದಾಗ ಕಟ್ಟಿದ್ರ 5% ರಿಯಾಯ್ತಿ. ಇನ್ಕಮ್ ಟ್ಯಾಕ್ಸ್‌ದಾಗ ನಾವು ಕಟ್ಟಿದ ಮನಿ ಕರ ಕಳದು, ಉಳದದ್ರಾಗ 30% ಸೀದಾ ಡಿಡಕ್ಷನ್ ಸಿಗ್ತದ, ರಿಪೇರಿ ಬಿಲ್ ತೋರಿಸೂದೇನೂ ಬೇಕಾಗಿಲ್ಲ. ಇದನ್ನ ಅವ್ರು ಪೆನ್ನು ಹಿಡದು ತಾಳ್ಮಿಲೆ ತಿಳಿಸಿ ಹೇಳಿದ್ದು ನಂಗ ಬಾಳ ಸೇರ್ತು.

ಜುಲೈದಾಗ ರಶ್ ಬಾಳ, ಫೋನ್ ಸೈತ ಎತ್ತೂದಿಲ್ಲ, ಏಪ್ರಿಲ್ ಮೇದಾಗೇ ಹೋಗ್ರಿ, ಕರದ ರಸೀದಿ, ಬಾಡಿಗಿ ಕರಾರು ಪತ್ರ ಮರೀದೇ ಒಯ್ರಿ.