ದುರ್ಗಸಿಂಹನ ನರಿಯೋ, ಕಾರ್ನಾಡರ ನಾಗನೋ?

ಧಾರವಾಡದ ಪುಸ್ತಕದಂಗಡಿಯಲ್ಲಿ ಒಂದನ್ನೇ ಆರಿಸಬೇಕು: ದುರ್ಗಸಿಂಹನ 'ಕರ್ನಾಟಕ ಪಂಚತಂತ್ರ'ವೋ, ಗಿರೀಶ ಕಾರ್ನಾಡರ ನಾಟಕ 'ನಾಗಮಂಡಲ'ವೋ?

ಮೊದಲನೆಯದು ಗದಗ ಸೀಮೆಯ ಕವಿಯ 11ನೇ ಶತಮಾನದ ಚಂಪೂ, ಅಂದರೆ ಗದ್ಯ ಪದ್ಯ ಬೆರೆತ ಕಾವ್ಯ. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂದು ಐದು ಭಾಗ. ಹಳಗನ್ನಡ ರೂಢಿಯಿಲ್ಲದವರು ಹೊಸಗನ್ನಡ ಗದ್ಯಾನುವಾದವನ್ನೇ ಹಿಡಿಯಿರಿ. ಕಥೆಯೊಳಗೆ ಕಥೆ ಹೆಣೆದಿರುವುದರಿಂದ ಯಾರು, ಯಾರಿಗೆ, ಯಾಕೆ ಹೇಳುತ್ತಿದ್ದಾರೆಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಅದು ತಪ್ಪಿದರೆ ಉಳಿಯುವುದು ಬರೀ ನೀತಿಪಾಠ. ನೀತಿಯೇ ನರಿಯ ಬಾಯಲ್ಲಿ ಮಸಲತ್ತಾಗುವುದು ಕಾಣುವುದೇ ಇಲ್ಲ.

'ನಾಗಮಂಡಲ' ಒಂದು ಸಂಜೆಯಲ್ಲಿ ಮುಗಿಯುತ್ತದೆ, ಆದರೆ ಸಲೀಸಲ್ಲ. ಗಂಡನನ್ನು ಒಲಿಸಿಕೊಳ್ಳಲೆಂದು ಕುರುಡವ್ವ ಎಂಬ ಮುದುಕಿ ಕೊಟ್ಟ ಬೇರು ಬೆರೆಸಿದ ಸಾರನ್ನು ರಾಣಿ ಎಂಬ ಹೆಂಗಸು ಹುತ್ತಕ್ಕೆ ಸುರಿಯುತ್ತಾಳೆ. ನಾಗ ಅವಳ ಗಂಡ ಅಪ್ಪಣ್ಣನ ರೂಪದಲ್ಲಿ ರಾತ್ರಿ ಬರುತ್ತಾನೆ. ನಾಗ ಇಂಥದ್ದರ ಸಂಕೇತವೆಂದು ಮೊದಲೇ ತೀರ್ಮಾನಿಸಿದರೆ ನಾಟಕ ಕೆಟ್ಟಿತು. ಹಾದರದ ಆರೋಪ ಬಂದಾಗ ರಾಣಿ ಹುತ್ತಕ್ಕೆ ಕೈಯಿಟ್ಟು ಮಾಡುವ ಆಣೆಯನ್ನು ಎರಡು ಸಲ ಓದಿ: ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲ ಎನ್ನುತ್ತಾಳೆ. ಅಕ್ಷರಶಃ ಸತ್ಯ, ನಾಗ ಕಚ್ಚದ್ದರಿಂದ ಊರಿಗೆ ಮಾತ್ರ ಅದು ಪವಾಡ. ಮೊದಲಿಗೆ ಬರುವ, ಮಾತಾಡುವ ದೀಪದ ಜ್ಯೋತಿಗಳ ಹರಟೆಯನ್ನು ಹಾರಿಸಬೇಡಿ (ಹಲವರು ಹಾರಿಸುತ್ತಾರೆ), ಕಥೆ ಅಲ್ಲಿ ಹೆಣ್ಣಾಗಿ ನಡೆದು ಬರುತ್ತದೆ.

ಜೋರಾಗಿ ಓದಲು ನಾಲ್ಕು ಜನ ಸಿಕ್ಕರೆ ನಾಟಕ ಕೊಳ್ಳಿ. ಒಬ್ಬರೇ, ನಿಧಾನಕ್ಕೆ ಎಂದರೆ ದುರ್ಗಸಿಂಹ.