ಒಂದೇ ಆಫೀಸಾ, ಸಮನ್ವಯ ಸಮಿತಿನಾ?

ಪಿಂಚಣಿ, ಆರೋಗ್ಯ, ಮಕ್ಕಳ ರಕ್ಷಣೆ ಬೇರೆ ಬೇರೆ ಇಲಾಖೆಲಿದ್ರೆ ಜೋಡಿಸೋಕೆ ಮುಖ್ಯವಾಗಿ ಎರಡು ದಾರಿ: ಎಲ್ಲಾ ಇಲಾಖೆಯವ್ರೂ ಕೂತು ಮಾತಾಡೋ ಸಮನ್ವಯ ಸಮಿತಿ, ಇಲ್ಲಾ ಎಲ್ಲಾ ಸೇವೆನೂ ಸೇರಿಸಿ ಒಂದೇ ಆಫೀಸ್. ಸಮನ್ವಯ ಸಮಿತಿ ಮಾಡೋದು ಸುಲಭ, ಆದ್ರೆ ಬಜೆಟ್ ಆಯಾ ಇಲಾಖೆ ಕೈಲೇ ಉಳಿಯೋದ್ರಿಂದ ಮೀಟಿಂಗಲ್ಲಿ ಎಲ್ರೂ ಹೂಂ ಅಂತಾರೆ, ಆಮೇಲೆ ಫೈಲು ಅಲ್ಲೇ ಕೂತಿರುತ್ತೆ, ಗಂಡನ್ನ ಕಳ್ಕೊಂಡ ಹೆಂಗಸು ಅದೇ ಮರಣ ಪ್ರಮಾಣಪತ್ರದ ಜೆರಾಕ್ಸ್ ಹಿಡ್ಕೊಂಡು ಕೌಂಟರಿಂದ ಕೌಂಟರಿಗೆ ಅಲೀಬೇಕು. ಒಂದೇ ಆಫೀಸಾದ್ರೆ ಆ ಅಲೆದಾಟ ತಪ್ಪುತ್ತೆ. ನಾರ್ವೆ 2006ರಲ್ಲಿ ಉದ್ಯೋಗ ಸೇವೆ, ಸಾಮಾಜಿಕ ವಿಮೆ ಎರಡನ್ನೂ ವಿಲೀನ ಮಾಡಿ, ಮುನ್ಸಿಪಾಲಿಟಿಗಳ ನೆರವನ್ನೂ ಅದೇ ಸೂರಿನಡಿ ತರೋಕೆ ಶುರು ಮಾಡ್ತು. ಆದ್ರೆ ವಿಲೀನ ಅಂದ್ರೆ ಸಂಬಳ ಶ್ರೇಣಿ, ಸಾಫ್ಟ್‌ವೇರ್, ಯಾರು ಯಾರಿಗೆ ರಿಪೋರ್ಟ್ ಮಾಡ್ಬೇಕು ಎಲ್ಲಾ ಹೊಸದಾಗಿ ಹೊಂದಿಸ್ಬೇಕು, ವರ್ಷಗಟ್ಟಲೆ ಹಿಡಿಯುತ್ತೆ. ನನ್ನ ಪ್ರಕಾರ ಚಿಕ್ಕ ಊರಿಗೆ ಒಂದೇ ಆಫೀಸ್ ಸರಿ. ದೊಡ್ಡ ನಗರಕ್ಕೆ ಸಮಿತಿನೇ ಇರ್ಲಿ, ಆದ್ರೆ ಅದಕ್ಕೆ ಸ್ವಂತ ದುಡ್ಡು, ಕಷ್ಟದಲ್ಲಿರೋ ಪ್ರತಿ ಕುಟುಂಬಕ್ಕೂ ಅವ್ರ ಎಲ್ಲಾ ಕೆಲಸ ನೋಡ್ಕೊಳ್ಳೋ ಒಬ್ಬ ಕೇಸ್ ವರ್ಕರ್ ಕೊಡ್ಲೇಬೇಕು.